ತತ್ತಿ ಕುಡಿದ ಕಾರು

ಬೇರೆಯವರಿಗೆ ಮಲ್ಲಿಗೆಯ ಘಮಕ್ಕೋ, ಮೊದಲ ಮಳೆಯ ಮಣ್ಣಿನ ವಾಸನೆಗೋ ಹಳೆಯ ದಿನಗಳು ನೆನಪಾಗುತ್ತವಂತೆ. ನನ್ನ ಹಣೆಬರಹ ನೋಡಿ, ನನಗೆ ನೆನಪಾಗುವುದು ಬೆಂದ ತತ್ತಿಯ ವಾಸನೆಗೆ. ಮೊನ್ನೆ ಬೀದರಿನ ಬಸ್ ನಿಲ್ದಾಣದ ಎದುರು ತಳ್ಳುಗಾಡಿಯವನೊಬ್ಬ ಅಗಲವಾದ ಪಾತ್ರೆಯಲ್ಲಿ ತತ್ತಿ ಕುದಿಸುತ್ತಿದ್ದ. ಒಂದು ಒಡೆದು, ಬಿಳಿಯ ನೊರೆ ಉಕ್ಕಿ ಬಂದು, ಕಾದ ಕಬ್ಬಿಣದ ಮೇಲೆ ಚುರ್ ಎಂದಿತು. ಅಷ್ಟೇ ಸಾಕಾಯಿತು. ಭಾಲ್ಕಿಯ ಬಸ್ಸು ಕಣ್ಣೆದುರೇ ಹೊರಟರೂ ನಾನು ನಿಂತಲ್ಲೇ ನಿಂತೆ. ಹಣೆಯ ತುಂಬ ವಿಭೂತಿ ಹಚ್ಚಿದ ಮುದುಕಿಯೊಬ್ಬಳು ತತ್ತಿಯ ಗಾಡಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದನ್ನು ಕಂಡು ಅವನಿಗೆ ಏನನ್ನಿಸಿತೋ, "ಎಷ್ಟು ಕೊಡ್ಲಿ ಅಮ್ಮಾ?" ಎಂದು ದನಿ ತಗ್ಗಿಸಿ ಕೇಳಿದ. "ಏ ಬ್ಯಾಡಪ್ಪಾ, ಸುಮ್ನ ನಿಂತೀನಿ" ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ.

ಅದು ಮುಂಗಾರಿನ ಮೊದಲಲ್ಲಿ ಬರಬೇಕಾದ ಮಿರಗದ ಮಳೆ ಬಾರದೇ ಹೋದ ವರ್ಷ. ಬಿತ್ತಿದ ಉದ್ದು, ಹೆಸರು ಮಣ್ಣೊಳಗೇ ಹುರಿದುಹೋದವು. ಆಮೇಲಾದರೂ ಬಂದೀತು ಎಂದು ಜನ ಮುಗಿಲು ನೋಡುತ್ತ ಕುಳಿತರು. ಮುಗಿಲು ತೊಳೆದಿಟ್ಟ ತಾಟಿನ ಹಾಗೆ ಖಾಲಿಯಾಗಿಯೇ ಇತ್ತು. ದೀಪಾವಳಿ ಕಳೆದದ್ದೇ ತಡ, ಗುಳೆ ಹೊರಟವರನ್ನು ಒಯ್ಯಲು ಹಳ್ಳಿಗಳಿಗೆ ಲಾರಿಗಳು ಬರತೊಡಗಿದವು. ಪುಣೆಯ ಕಡೆಗೆ, ಮುಂಬಯಿಯ ಕಡೆಗೆ, ಹೈದರಾಬಾದಿಗೆ. ನಾನು ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಪ್ರತಿ ಸೋಮವಾರ ಹಾಜರಿ ಕೂಗುವಾಗ ಕೆಲವು ಹೆಸರುಗಳಿಗೆ ಉತ್ತರ ಬರುತ್ತಿರಲಿಲ್ಲ. ಮೊದಮೊದಲು "ಎಲ್ಲಿ ಹೋದಳು?" ಎಂದು ಕೇಳುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಕೇಳುವುದನ್ನು ಬಿಟ್ಟೆ.

ಆ ವರ್ಷವೇ ನಮ್ಮ ಮನೆಗೆ ಕಾರು ಬಂದದ್ದು. ಬರಗಾಲದಲ್ಲಿ ಅಧಿಕ ಮಾಸ ಅನ್ನುವುದು ಇದಕ್ಕೇ. ನಮ್ಮವರು ಬೀದರಿನ ನಿವೃತ್ತ ಡಾಕ್ಟರೊಬ್ಬರಿಂದ ದುಂಡು ಮೂಗಿನ, ಬಿಳಿ ಬಣ್ಣದ ಹಳೆಯ ಕಾರು ಕೊಂಡರು. ತಿಂಗಳೊಪ್ಪತ್ತಿನಲ್ಲೇ ಅವರಿಗೆ ಬಳ್ಳಾರಿ ಕಡೆಗೆ ವರ್ಗವಾಯಿತು. ಅಷ್ಟು ದೂರ ಈ ಗಾಡಿ ಬಾಳುವುದಿಲ್ಲ ಎಂದು ಎಲ್ಲರೂ ಹೇಳಿದ್ದರಿಂದ ಅವರು ರೈಲು ಹತ್ತಿದರು, ಕಾರು ನನ್ನ ಕೊರಳಿಗೆ ಬಿತ್ತು. ಹೋಗುವ ಮುಂಚೆ ನನಗೆ ಓಡಿಸಲು ಕಲಿಸಿದರು. ಕಲಿಸಿದರು ಅನ್ನುವುದು ದೊಡ್ಡ ಮಾತು. ಪಕ್ಕದಲ್ಲಿ ಕುಳಿತು ನಾನು ಗೇರು ಬದಲಿಸಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಭಾಲ್ಕಿಯ ರಸ್ತೆಯಲ್ಲಿ ಹೆಂಗಸೊಬ್ಬಳು ಕಾರು ಓಡಿಸುವುದು ಆಗ ನೋಡುವಂಥ ಸಂಗತಿ. ನಾನು ಬರುವುದನ್ನು ಕಂಡರೆ ಸೈಕಲ್ ಸವಾರರು ಇಳಿದು ನಿಲ್ಲುತ್ತಿದ್ದರು. ಅದು ಗೌರವವೋ ಜೀವಭಯವೋ ನಾನು ವಿಚಾರಿಸಲು ಹೋಗಲಿಲ್ಲ.

ಕಾರು ಸಾಕುವುದೆಂದರೆ ಏನೆಂದು ಈಗಿನವರಿಗೆ ಹೇಳಿದರೂ ತಿಳಿಯುವುದಿಲ್ಲ. ಕೀಲಿ ತಿರುಗಿಸುತ್ತಾರೆ, ಹೋಗುತ್ತಾರೆ. ನನ್ನದು ಹಾಗಲ್ಲ. ಬೆಳಗ್ಗೆ ಎದ್ದು ಬಾನೆಟ್ ಎತ್ತಬೇಕು. ಎಣ್ಣೆಯ ಕಡ್ಡಿ ಎಳೆದು ಹಳೆಯ ಸೀರೆಯ ತುಂಡಿಗೆ ಒರೆಸಿ ಮಟ್ಟ ನೋಡಬೇಕು. ಫ್ಯಾನಿನ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಬ್ಯಾಟರಿಯ ತಲೆಯ ಮೇಲೆ ಕೂತ ಬಿಳಿಯ ಉಪ್ಪನ್ನು ಉಜ್ಜಿ ತೆಗೆಯಬೇಕು. ಇಷ್ಟೆಲ್ಲ ಉಪಚಾರ ಮಾಡಿಸಿಕೊಂಡೂ ಅದು ಎಷ್ಟೋ ದಿನ ಕೆಮ್ಮಿ ಸುಮ್ಮನಾಗುತ್ತಿತ್ತು. ಆಗ ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಹ್ಯಾಂಡಲ್ ಹೊಡೆಯುವುದನ್ನು ನೋಡಲು ಓಣಿಯ ಕಟ್ಟೆಗಳೆಲ್ಲ ತುಂಬಿರುತ್ತಿದ್ದವು. ಆದರೂ ಅದೊಮ್ಮೆ ಉಸಿರು ಹಿಡಿದು ಗುರ್ ಎಂದಾಗ, ಆಹಾ, ಆ ಸುಖವನ್ನು ಹೇಳಲಾರೆ. ಇಡೀ ಊರು ಒಣಗಿ ಸುಮ್ಮನೆ ಮಲಗಿದ್ದಾಗ ನನ್ನ ಅಂಗಳದಲ್ಲಿ ಒಂದು ಜೀವ ಎದ್ದ ಹಾಗಾಗುತ್ತಿತ್ತು.

ತೊಂದರೆ ಶುರುವಾದದ್ದು ನನ್ನ ತವರಿನಿಂದ. ನಾನು ಔರಾದದವಳು. ಒಂದು ದಿನ ತಾಯಿಯನ್ನು ನೋಡಿಕೊಂಡು ಮರಳುವಾಗ, ಮುಂದಿದ್ದ ಲಾರಿಯ ಗಾಲಿಯಿಂದ ಸಿಡಿದ ಕಲ್ಲು ಕಾರಿನ ಮೂಗಿಗೆ ಬಡಿಯಿತು. ರೇಡಿಯೇಟರ್ ಸೋರತೊಡಗಿತು. ಇಂಜಿನ್ ಕಾಯದ ಹಾಗೆ ನೀರು ಹಿಡಿದಿಡುವ ಪೆಟ್ಟಿಗೆ ಅದು. ಮಾಂಜ್ರಾ ನದಿ ದಾಟುವಾಗ ನದಿಯಲ್ಲಿ ನೀರೇ ಇರಲಿಲ್ಲ. ಹೆಂಗಸರು ಮರಳು ತೋಡಿ, ಕೆಳಗೆ ಒಸರಿದ್ದನ್ನು ಬಟ್ಟಲಿನಿಂದ ಎತ್ತಿ ಕೊಡ ತುಂಬುತ್ತಿದ್ದರು. ಸೇತುವೆಯ ಮೇಲೆ ಹಬೆ ಕಾರುತ್ತ ನಿಂತ ಕಾರಿಗಾಗಿ ಅವರ ಬಳಿ ನೀರು ಕೇಳಲು ನನಗೆ ಬಾಯಿ ಬರಲಿಲ್ಲ. ಇಂಜಿನ್ ಆರುವ ತನಕ ಕುಳಿತು, ಒಂದಿಷ್ಟು ಓಡಿಸಿ, ಮತ್ತೆ ಕುಳಿತು, ಹೊತ್ತು ಮುಳುಗುವಾಗ ಮನೆ ಸೇರಿದೆ.

ರೇಡಿಯೇಟರನ್ನು ಬಿಚ್ಚಿ ಬೀದರಿಗೆ ಒಯ್ದು ಅಲ್ಲಿನ ಕೊಳಾರದ ಕಾರ್ಖಾನೆಗಳ ಕಡೆ ಬೆಸುಗೆ ಹಾಕಿಸಬೇಕೆಂದು ನಮ್ಮ ಮೆಕ್ಯಾನಿಕ್ ಮೆಹಬೂಬಸಾಬ ಹೇಳಿದ. ಪರೀಕ್ಷೆ ಮುಗಿಯಲಿ ಎಂದು ನಾನು ಮುಂದೂಡಿದೆ. ಅಲ್ಲಿಯವರೆಗೆ ರಾತ್ರಿ ಕಾರಿನ ಕೆಳಗೆ ತಾಟು ಇಟ್ಟು, ಸೋರಿದ ನೀರು ಹಿಡಿದು, ಬೆಳಗ್ಗೆ ಅದನ್ನೇ ಮತ್ತೆ ಕುಡಿಸುವುದು. ಕಡಿಮೆ ಬಿದ್ದದ್ದನ್ನು ನನ್ನ ಸ್ನಾನದ ಪಾಲಿನಿಂದ ತುಂಬುವುದು. ಶಾಲೆಯಲ್ಲಿ ಪಕ್ಕದ ಟೀಚರ್ ಕುರ್ಚಿಯನ್ನು ತುಸು ದೂರ ಎಳೆದುಕೊಂಡದ್ದನ್ನೂ ನಾನು ನೋಡಿಕೊಂಡೆ.

"ಎಮ್ಮಿ ಸಾಕಿದ್ರ ಕುಡದ ನೀರಿಗಿ ಹಾಲರೆ ಕೊಡ್ತಿತ್ತು" ಎನ್ನುತ್ತಿದ್ದಳು ನನ್ನ ಅತ್ತೆ. "ಇದು ಬರೇ ಕುಡೀತದ, ಮತ್ತ ಹೊಗಿ ಬಿಡ್ತದ. ನಿನ್ನ ಮಾವನ ಹಂಗ."

ಅತ್ತೆ ನೀಲಮ್ಮ ಎಂದರೆ ಕಡ್ಡಿ ಮುರಿದ ಹಾಗೆ ಮಾತು. ಬೆಳಗ್ಗೆ ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ತತ್ತಿ, ಮಾಂಸ ಬೇಯುವ ಮನೆಯ ಮುಂದೆ ಹೋಗಬೇಕಾದರೆ ಸೆರಗು ಮೂಗಿಗೆ ಬರುತ್ತಿತ್ತು. ಆದರೆ ಆಕೆಯ ಜೀವದ ಗೆಳತಿ ಮೆಹಕರದ ಚಂದ್ರಾಬಾಯಿ. ಗೋಡೆಯ ಮೇಲೆ ಬುದ್ಧನ ಪಟ ಇದ್ದ, ಒಲೆಯ ಮೇಲೆ ಎಲ್ಲವೂ ಬೇಯುತ್ತಿದ್ದ ಮನೆಯವಳು. ಈ ಗೆಳೆತನ ಆದದ್ದು ಭಾಲ್ಕಿಯ ದವಾಖಾನೆಯಲ್ಲಂತೆ. ಒಂದೇ ದಿನ, ಅಕ್ಕಪಕ್ಕದ ಮಂಚಗಳಲ್ಲಿ ಇಬ್ಬರಿಗೂ ಗಂಡುಮಕ್ಕಳು ಹುಟ್ಟಿದವು. ಅತ್ತೆಗೆ ಜ್ವರ ಏರಿ ಎಚ್ಚರ ತಪ್ಪಿತು, ಎದೆಯಲ್ಲಿ ಹಾಲಿಲ್ಲ. ಚಂದ್ರಾಬಾಯಿ ತನ್ನ ಕೂಸಿನ ಜೊತೆ ಈ ಕೂಸಿಗೂ ಮೊಲೆ ಕೊಟ್ಟಳು. ಹಾಗೆ ಬದುಕಿದ ಕೂಸೇ ನಮ್ಮವರು. ಅಂದಿನಿಂದ ಹಬ್ಬವೆಂದರೆ ಆಕೆ ಇಲ್ಲಿಗೆ, ಇಲ್ಲವೇ ಅತ್ತೆ ಅಲ್ಲಿಗೆ. ಹೋದರೆ ಚಹಾ ಅಷ್ಟೇ, ಊಟವಿಲ್ಲ. ಚಂದ್ರಾಬಾಯಿ ಅದನ್ನು ಎಂದೂ ಕೆದಕಲಿಲ್ಲ.

ಬಿಸಿಲು ಬಲಿಯತೊಡಗಿದಾಗ ಮೆಹಕರದಿಂದ ಸುದ್ದಿ ಬಂತು. ಭಾನುವಾರ ಊರಿಗೆ ಲಾರಿ ಬರುತ್ತದೆ, ಚಂದ್ರಾಬಾಯಿಯ ಮಗ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟಿದ್ದಾನೆ, ತಾಯಿಯೂ ಹೋಗುತ್ತಾಳೆ ಎಂದು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಆ ವಯಸ್ಸಿನಾಕಿ ಪರಊರಾಗ ತಗಡಿನ ಕೆಳಗ ಬೀಳಬೇಕಾ? ನಾ ಏನು ಸತ್ತೀನೇನ? ಅಕಿ ಇಲ್ಲೇ ಇರ್ತಾಳ, ನನ್ನ ಬಾಜೂಕ."

ಹೇಳಿದ್ದಷ್ಟೇ ಅಲ್ಲ, ಅಂದೇ ತನ್ನ ಕೋಣೆಯಲ್ಲಿದ್ದ ಜೋಳದ ಖಾಲಿ ಬುಟ್ಟಿಗಳನ್ನೆಲ್ಲ ಹೊರಗೆ ಹಾಕಿಸಿ, ಹೊರಸಿಗೆ ಹೊಸ ಹಗ್ಗ ಬಿಗಿಸಿದಳು. ಗೆಳತಿಗೆ ಹೊದೆಯಲು ತನ್ನ ಕೌದಿಯನ್ನು ಬಿಸಿಲಿಗೆ ಹಾಕಿದಳು. ಹಾಲಿನವನ ಕೈಯಲ್ಲಿ ಹೇಳಿ ಕಳಿಸಿದಳು: "ಭಾನುವಾರ ನಾ ಕಾರು ತಗೊಂಡು ಬರ್ತೇನಿ. ನಾ ಬರೂತನಕ ಲಾರಿ ಹತ್ತಬ್ಯಾಡ ಅಂತ ಹೇಳು." ಜನ ಖಾಲಿಯಾದ ಊರುಗಳಿಗೆ ಬಸ್ಸೂ ಸರಿಯಾಗಿ ಹೋಗುತ್ತಿರಲಿಲ್ಲ. ಎಲ್ಲವೂ ನನ್ನ ಸೋರುವ ಕಾರಿನ ಮೇಲೆ ನಿಂತಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಕಾರನ್ನು ಮೆಹಬೂಬಸಾಬನ ಅಂಗಡಿಯಲ್ಲಿ ಬಿಟ್ಟು ಬಂದೆ. ಭಾನುವಾರ ಬೆಳಗ್ಗೆ ಹೋದಾಗ ಅವನು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದ. ಬಲು ಮಾತುಗಾರ. ತನ್ನ ಕೈ ತಾಗಿದರೆ ಸತ್ತ ಇಂಜಿನ್ನೂ ಸಲಾಂ ಹೊಡೆಯುತ್ತದೆ ಎಂದು ಹೇಳಿಕೊಳ್ಳುವವನು.

"ಟೀಚರಬಾಯಿ, ಫಿಕರ್ ಮಾಡಬ್ಯಾಡ್ರಿ. ಪಕ್ಕಾ ಇಲಾಜ್ ಮಾಡೀನಿ. ಕೆಳಗ ಒಂದ್ ಹನಿ ಬಿದ್ರ ನನ್ನ ಹೆಸರು ಬದಲಾಯಸ್ರಿ."

"ಏನ್ ಹಾಕಿದ್ಯೋ ಮಾರಾಯ?"

"ಸೋರೂದು ನಿಲ್ಲಲಿ ಅಂತ ಅರಿಶಿಣ ಹಾಕ್ತಾರ ಮಂದಿ. ನಾನೂ ಹಾಕ್ತಿದ್ದೆ. ಆದ್ರ ಗಾಡ್ಯಾಗ ದೊಡ್ಡಮ್ಮಾರು ಕೂಡ್ತಾರ. ಅರಿಶಿಣ ಅಂದ್ರ ನಿಮ್ಮ ದೇವರ ಸಾಮಾನು. ಅದನ್ನ ಇಂಜಿನದಾಗ ಸುರದ್ರ ಅವರ ಮನಸ್ಸಿಗಿ ಬ್ಯಾಸರ ಆಗ್ತದಂತ ಬ್ಯಾರೆದ್ದು ಹಾಕೀನಿ. ಅದ್ಕಿಂತ ಜಬರದಸ್ತ್."

ಅವನ ತಿಳಿವಳಿಕೆಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಸಂಪನ್ನ ಮನುಷ್ಯ ಎಂದುಕೊಂಡೆ. ಬೇರೆಯದು ಎಂದರೆ ಯಾವುದೋ ಅಂಟು ಇರಬೇಕೆಂದು ಬಗೆದು ಮುಂದೆ ಕೇಳಲಿಲ್ಲ.

ಅತ್ತೆ ಎಂದಿನಂತೆ ಹಿಂದಿನ ಸೀಟಿನಲ್ಲಿ ನಡುವೆ ಕುಳಿತಳು, ಇಳಕಲ್ ಸೀರೆ ಉಟ್ಟು, ಎರಡೂ ಕೈಯಿಂದ ಮುಂದಿನ ಸೀಟು ಹಿಡಿದು. ಭಾಲ್ಕಿ ಹಿಂದೆ ಬಿತ್ತು. ಆ ದಾರಿಯನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಮತ್ತೆ ಓಡಿಸಿದ್ದೇನೆ, ಹಾಗಾಗಿ ಈಗ ಯಾವುದು ಅಂದಿನದು, ಯಾವುದು ಕನಸಿನದು ಎಂದು ಬೇರ್ಪಡಿಸಲಾರೆ. ಎರಡೂ ಬದಿ ಕಪ್ಪು ಹೊಲಗಳು, ಕೈ ಇಳಿಸುವಷ್ಟು ಬಿರುಕುಗಳು. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತ ಹಾಗೆ ಕಾಣುವುದು, ಹತ್ತಿರ ಹೋದರೆ ಇಲ್ಲದಿರುವುದು. ಕಾರು ಮೆಲ್ಲಗೆ ಗುನುಗುತ್ತಿತ್ತು. ಇಂಜಿನ್ನಿನ ಕಾವು ತೋರಿಸುವ ಸೂಚಿ ಹಸಿರಿನಲ್ಲೇ ಇತ್ತು. ನಡುವೆ ಬಂದ ಹಳ್ಳಿಗಳಲ್ಲಿ ಬಾಗಿಲು ಮುಚ್ಚಿದ ಮನೆಗಳೇ ಹೆಚ್ಚು. ಬೀಗ ಇಲ್ಲದವರು ನಾಯಿ ಒಳಗೆ ಹೋಗದಿರಲೆಂದು ಬಾಗಿಲಿಗೆ ಜಾಲಿಯ ಮುಳ್ಳು ಇಟ್ಟು ಹೋಗಿದ್ದರು. ಕಟ್ಟೆಯ ಮೇಲೆ ಒಂದು ಬೆಕ್ಕು ಕುಳಿತು ನಮ್ಮನ್ನೇ ನೋಡಿತು. ಅತ್ತೆಗೆ ಜೋಂಪು ಹತ್ತಿತ್ತು. ನಿದ್ದೆಗಣ್ಣಲ್ಲೇ ಮಾತಾಡುತ್ತಿದ್ದಳು.

"ಸುಶೀಲಾ, ಅಕಿಗಿ ಬೆಳಗಿನ ಚಹಾದಾಗ ಶುಂಠಿ ಬೇಕು, ನೆನಪಿಡು."

"ಆಯ್ತ್ರಿ ಅತ್ತೀ."

"ಗೊರಕಿ ಹೊಡೀತಾಳ. ಹೊಡೀಲಿ. ನನಗೂ ರಾತ್ರಿ ಒಂದ್ ದನಿ ಆಗ್ತದ."

ಮೆಹಕರ ಇನ್ನು ಎರಡು ಮೈಲಿ ಇರುವಾಗ ಆ ವಾಸನೆ ಬಂತು. ಮೊದಲು ತೆಳ್ಳಗೆ, ಆಮೇಲೆ ಗಟ್ಟಿಯಾಗಿ. ಅತ್ತೆ ಕಣ್ಣು ತೆರೆದಳು. ಸೆರಗು ಮೂಗಿಗೆ ಹೋಯಿತು.

"ಯಾರ ಮನ್ಯಾಗೋ ತತ್ತಿ ಬೇಯ್ಲಾಕತ್ತದ."

ಸುತ್ತ ಕಣ್ಣು ಹಾಯುವವರೆಗೆ ಮನೆಯೇ ಇರಲಿಲ್ಲ. ಕಾರು ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರಿನ ಸೀಳಿನಲ್ಲಿ ಬೆಂದ ತತ್ತಿಯ ಬಿಳಿ, ಸಣ್ಣಗೆ ಗಂಟುಗಟ್ಟಿ ಅಚ್ಚುಕಟ್ಟಾಗಿ ಕುಳಿತಿತ್ತು. ಮೆಹಬೂಬಸಾಬ ಮಾತಿಗೆ ತಪ್ಪಿರಲಿಲ್ಲ, ಹನಿ ನೀರು ಸೋರುತ್ತಿರಲಿಲ್ಲ. ದೇವರ ಅರಿಶಿಣ ಮೈಲಿಗೆಯಾದೀತೆಂದು ಹೆದರಿ ಪುಣ್ಯಾತ್ಮ ತತ್ತಿ ಒಡೆದು ಸುರಿದಿದ್ದ! ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಹಿಂದೆ ಅತ್ತೆ ಬಂದು ನಿಂತಿದ್ದಳು. ಒಂದು ಸಲ ಇಣುಕಿ ನೋಡಿದಳು. ಕಾರಿನೊಳಗಿನ ತನ್ನ ಚೀಲ ತೆಗೆದುಕೊಂಡು ರಸ್ತೆಯಲ್ಲಿ ನಡೆಯತೊಡಗಿದಳು.

"ಅತ್ತೀ, ಎಲ್ಲಿಗ್ರಿ?"

"ಮೆಹಕರಕ್ಕ."

"ಹೊತ್ತಾಗ್ತದ್ರಿ. ಲಾರಿ ಹೋಗಿಬಿಡ್ತದ. ಬಿಸಲು ನೋಡ್ರಿ ಹ್ಯಾಂಗದ."

"ಕೊರಳಾಗ ಲಿಂಗ ಕಟಗೊಂಡು ಆ ಹೊಲಸ್ ಡಬ್ಬ್ಯಾಗ ಕೂಡ್ಲೇನ? ಅಕಿ ನನ್ನ ಬಿಟ್ಟು ಹೋಗಂಗಿಲ್ಲ. ನೀ ಬಾ ಬೇಕಾದ್ರ."

ನಾನು ಕಾರನ್ನು ಆಕೆಯ ಪಕ್ಕದಲ್ಲೇ ನಡಿಗೆಯ ವೇಗದಲ್ಲಿ ಓಡಿಸಿದೆ. ಇಂಜಿನ್ ಅದನ್ನು ಸಹಿಸಲಿಲ್ಲ, ಸೂಚಿ ಏರತೊಡಗಿತು. ಆಮೇಲೆ ಒಂದಿಷ್ಟು ಮುಂದೆ ಹೋಗಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕಾಯುವುದು, ಆಕೆ ನನ್ನತ್ತ ನೋಡದೆ ದಾಟಿಹೋಗುವುದು, ನಾನು ಮತ್ತೆ ಮುಂದೆ ಹೋಗುವುದು, ಹೀಗೆ ನಡೆಯಿತು. ಕನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದೆ. ಬಿಸಿಲಿನ ಅಲೆಗಳಲ್ಲಿ ಮೊದಲು ಕೆಂಪು ಸೀರೆಯ ಅಂಚು ಕಾಣುವುದು, ನೆಲ ಮುಟ್ಟದೆ ತೇಲಿದ ಹಾಗೆ. ಆಮೇಲೆ ಕಾಲು ಮೂಡುವುದು, ಆಮೇಲೆ ಸಿಟ್ಟಿನ ಮುಖ. ಎದುರಿಗೆ ಬಂದ ಬಂಡಿಯವನು ಎತ್ತು ನಿಲ್ಲಿಸಿ, "ಯಾಕ್ರಿ ಅಮ್ಮಾರ, ಮಗಳ ಕೂಡ ಜಗಳಾಡೀರೇನು?" ಎಂದು ಕೇಳಿದ. "ಮಗಳಲ್ಲಪ್ಪಾ, ಸೊಸಿ. ಜಗಳಿಲ್ಲ. ಗಾಡಿ ಕೆಟ್ಟದ" ಎಂದಳು ಅತ್ತೆ. ಕಾರು ನೆಟ್ಟಗೆ ಗುನುಗುತ್ತ ನಿಂತಿದ್ದನ್ನು ಅವನು ನೋಡಿದ, ಆಕೆಯನ್ನು ನೋಡಿದ, ಬಾಲ ಮುರಿದು ಎತ್ತು ಹೊಡೆದುಕೊಂಡು ಹೋದ. ನನಗೆ ಸಿಟ್ಟು ನೆತ್ತಿಗೇರಿತ್ತು. ಮುದುಕಿಯನ್ನು ಎತ್ತಿ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗೋಣ ಅನ್ನಿಸಿದ್ದೂ ನಿಜ.

ಮೆಹಕರದಲ್ಲಿ ಚಂದ್ರಾಬಾಯಿಯ ಮನೆಯ ಬಾಗಿಲಿಗೆ ಹಸಿ ಜಾಲಿಯ ಮುಳ್ಳು ಇತ್ತು. ಅಂಗಳ ಸಾರಿಸಿತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಎದುರುಮನೆಯ ಮುದುಕ ಕಟ್ಟೆಯಿಂದಲೇ ಹೇಳಿದ.

"ಈಗ ಹೋದ್ರು ನೋಡ್ರಿ. ನಿಮ್ಮ ಸಲುವಾಗಿ ಅಕಿ ಲಾರಿ ಹತ್ತವಲ್ಲೆ ಅಂತ ಕುಂತಿದ್ಳು. 'ನೀಲಕ್ಕ ಬರ್ತಾಳ, ನೀಲಕ್ಕ ಬರ್ತಾಳ' ಅಂತ ಒಂದೇ ಸವನ. ಡ್ರೈವರ್ ಬೈದ, ಮಂದಿ ಎಲ್ಲಾ ಬೈದ್ರು. ಮಗನೇ ಎತ್ತಿ ಹತ್ತಿಸಿದ. ಕಮಲನಗರದಾಗ ಇನ್ನೂ ಮಂದೀನ ಹತ್ತಸ್ಕೋಬೇಕಂತ, ಆ ಹಾದಿ ಹಿಡದಾರ."

ಅತ್ತೆ ಬಾಗಿಲಿಗೆ ಹೋಗಿ ಮುಳ್ಳಿನ ಆಚೆಗೆ ಕೈ ಚಾಚಿ ಹೊಸ್ತಿಲು ಮುಟ್ಟಿದಳು. ಆಮೇಲೆ, "ನನ್ನ ಆಚಾರ ನನ್ನ ಚಂದ್ರೀನ ಲಾರಿ ಹತ್ತಿಸಿ ಕಳಿಸ್ತು" ಎಂದಳು. ನನಗೆ ಹೇಳಿದ್ದಲ್ಲ. ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿಯಿತು. ಏನಾದರೂ ಸಮಾಧಾನ ಹೇಳೋಣ ಎಂದು ನಾನು ಮಾತು ಹುಡುಕುತ್ತಿರುವಾಗಲೇ ಆಕೆ ಬಂದು ಕಾರಿನ ಮುಂದಿನ ಬಾಗಿಲು ತೆರೆದು, ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು.

"ಓಡಸು."

"ಅತ್ತೀ, ಒಳಗ ತತ್ತಿ..."

"ತತ್ತಿಗಿ ಬೆಂಕಿ ಹಚ್ಚು. ಓಡಸು ಅಂದೆ."

ಆ ದಿನ ಓಡಿಸಿದ ಹಾಗೆ ನಾನು ಮತ್ತೆಂದೂ ಓಡಿಸಲಿಲ್ಲ. ಹಿಂದೆ ಧೂಳು ಗೋಡೆಯಂತೆ ಎದ್ದಿತು. ಸ್ಟೇರಿಂಗ್ ಕೈಯಲ್ಲಿ ನಡುಗುತ್ತಿತ್ತು. ತತ್ತಿಯ ವಾಸನೆ ಕಾರಿನ ತುಂಬ ತುಂಬಿಕೊಂಡಿತು. ಅತ್ತೆ ಸೆರಗು ಮೂಗಿಗೆ ಒಯ್ಯಲಿಲ್ಲ. ಎರಡೂ ಕೈ ಮುಂದೆ ಊರಿ, ಗಾಜಿಗೆ ಮುಖ ಹಚ್ಚಿ, "ಅಲ್ಲಿ ಕಾಣ್ತದೇನ? ಅದು ಲಾರೀನೇ ಏನ?" ಎಂದು ಪ್ರತಿ ತಿರುವಿಗೂ ಕೇಳುತ್ತಿದ್ದಳು. ಪ್ರತಿ ಸಲ ಅದು ಬರೀ ಬಿಸಿಲಾಗಿರುತ್ತಿತ್ತು. ಸೂಚಿ ಕೆಂಪು ಮುಟ್ಟಿತು. ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು, ಯಾವ ಹೊಸ ಡ್ರೈವರನಿಗೂ ಗೊತ್ತಿರುತ್ತದೆ. ನಾನು ಕಣ್ಣು ಸೂಚಿಯಿಂದ ತೆಗೆದು ರಸ್ತೆಯ ಮೇಲಿಟ್ಟೆ.

ಕಮಲನಗರದ ಅಂಚಿನಲ್ಲಿ, ಒಂದು ಚಹಾದ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಹೊಸದಾಗಿ ಹತ್ತುವವರ ಗಂಟುಮೂಟೆ ಮೇಲಕ್ಕೆ ಎಸೆಯುತ್ತಿದ್ದರು. ನಮ್ಮ ಕಾರು ಅದರ ಹಿಂದೆ ಹೋಗಿ ಭುಸ್ ಎಂದು ಹಬೆ ಬಿಟ್ಟು, ಒಂದು ಸಲ ಮೈ ಒದರಿ ಸುಮ್ಮನಾಯಿತು. ಅಚ್ಚುಕಟ್ಟಾಗಿ ಕುಳಿತಿದ್ದ ತತ್ತಿಯ ಗಂಟು ಕಿತ್ತು ಬಂದು ನೀರೆಲ್ಲ ಕೆಳಗೆ ಹರಿಯಿತು. ಲಾರಿಯ ಮೇಲೆ ಪಾತ್ರೆ, ಪೊರಕೆ, ಕೋಳಿಬುಟ್ಟಿ, ಮಕ್ಕಳ ನಡುವೆ ಕುಳಿತಿದ್ದ ಚಂದ್ರಾಬಾಯಿ ತಲೆ ಎತ್ತಿದಳು.

"ಅಗಬಾಯಿ! ನೀಲಕ್ಕ!"

ಮಗನ ಹೆಗಲು ಹಿಡಿದು ಇಳಿದು ಬಂದಳು. ಸಣ್ಣ ದೇಹ, ಹಣೆಯಲ್ಲಿ ಹಸಿರು ಹಚ್ಚೆ, ಒಗೆದ ಹಳದಿ ಸೀರೆ. ಇಬ್ಬರೂ ಕೈ ಕೈ ಹಿಡಿದು ನಿಂತರು. ಆಮೇಲೆ ಚಂದ್ರಾಬಾಯಿ ಮೂಗು ಅರಳಿಸಿದಳು.

"ಇದೇನ್ ವಾಸನಿ?"

ನಾನು ಹೇಳಿದೆ. ಮೆಹಬೂಬಸಾಬನ ಇಲಾಜು, ಅತ್ತೆಯ ಕಾಲ್ನಡಿಗೆ, ಎಲ್ಲ. ಚಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಕ್ಕು ನಕ್ಕು ಕೆಳಗೇ ಕುಳಿತಳು. ಲಾರಿಯ ಮೇಲಿದ್ದವರೂ ನಕ್ಕರು.

"ತತ್ತಿ ಗಾಡ್ಯಾಗ ಬಂದ್ಯಾ ನೀ? ನಿನ್ನ ಮಗ ದವಾಖಾನ್ಯಾಗ ನನ್ನ ಹಾಲು ಕುಡದಾಗ ನಾ ದಿನಾ ಎರಡು ತತ್ತಿ ತಿಂತಿದ್ದೆ ನೀಲಕ್ಕಾ. ಡಾಕ್ಟರಬಾಯಿ ಹೇಳಿದ್ಳು. ಆಗ ನೀ ಜ್ವರದಾಗ ಬಿದ್ದಿದ್ದಿ, ಪುಣ್ಯ ನಿಂದು!"

ಅತ್ತೆ ನನ್ನ ಮುಖ ನೋಡಿದಳು, ಗೆಳತಿಯ ಮುಖ ನೋಡಿದಳು. "ಸುಡ್ಲಿ ನಿನ್ನ ಬಾಯಿ. ಇಷ್ಟು ವರ್ಷ ಹೇಳಲಿಲ್ಲಲ್ಲ ರಂಡೆ!" ಎಂದು ಬೆನ್ನಿಗೆ ಒಂದು ಗುದ್ದಿ ತಾನೂ ನಕ್ಕಳು. ಅತ್ತೆ ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಅಂದೇ ಮೊದಲು ಕಂಡದ್ದು. ನಗುತ್ತಲೇ ಗೆಳತಿಯ ರಟ್ಟೆ ಹಿಡಿದಳು.

"ನಡಿ, ಮನಿಗಿ ಹೋಗಮು. ನಿನ್ನ ಹೊರಸಿಗಿ ಹಗ್ಗ ಬಿಗಿಸೀನಿ. ಇದ್ದ ರೊಟ್ಟ್ಯಾಗ ಅರ್ಧ ನಿಂದು."

ಚಂದ್ರಾಬಾಯಿಯ ನಗು ನಿಂತಿತು. ಲಾರಿಯ ಮೇಲಕ್ಕೆ ಕೈ ತೋರಿಸಿದಳು. ಗಂಟುಗಳಿಗೆ ಒರಗಿ ಆಕೆಯ ಸೊಸೆ ಕುಳಿತಿದ್ದಳು. ಎಳೆಯ ಮುಖ, ತುಂಬಿದ ಹೊಟ್ಟೆ, ಮೇಲೆ ಎರಡೂ ಕೈ.

"ಅಕಿ ದಿನ ತುಂಬಲಾಕ ಬಂದಾವ, ನೀಲಕ್ಕಾ. ಅಲ್ಲಿ ದವಾಖಾನಿ ಎಲ್ಲದನೋ, ಯಾರ್ ಇರ್ತಾರೋ. ನಿನಗ ಎಚ್ಚರ ಇಲ್ಲದಾಗ ಬಾಜೂಕ ನಾ ಇದ್ದೆ. ಅಕಿ ಬಾಜೂಕ ಯಾರು? ನಿನ್ನ ಮನ್ಯಾಗ ನಾ ಕೂತು ಉಂಡ್ರ, ಆ ತುತ್ತು ಇಳೀತದೇನ ನನಗ?"

ಅತ್ತೆಯ ಕೈ ಆಕೆಯ ರಟ್ಟೆಯ ಮೇಲೆ ಇನ್ನೂ ಇತ್ತು. ಅದು ಮೆಲ್ಲಗೆ ಸಡಿಲವಾದದ್ದನ್ನು ನಾನು ನೋಡಿದೆ. "ಮೊದಲನೇದು ಹೆಣ್ಣು ಆಗ್ಲಿ" ಎಂದಷ್ಟೇ ಅತ್ತೆ ಅಂದಳು. ಗೆಳತಿಗಾಗಿ ತಂದಿದ್ದ ರೊಟ್ಟಿಯ ಗಂಟನ್ನು ಚೀಲದಿಂದ ತೆಗೆದು ಸೊಸೆಗೆ ಕೊಡಲು ಹೇಳಿ ಮಗನ ಕೈಗಿತ್ತಳು.

ಲಾರಿಗೆ ಇನ್ನೂ ಗಂಟುಮೂಟೆ ಏರುತ್ತಿದ್ದವು. ನಾನು ಬಾನೆಟ್ ಎತ್ತಿ ಗೋಣಿತಟ್ಟಿನಿಂದ ಹಿಡಿದು ರೇಡಿಯೇಟರಿನ ಮುಚ್ಚಳ ತೆರೆದೆ. ಒಳಗೆ ಏನೂ ಇರಲಿಲ್ಲ. ಚಹಾದ ಅಂಗಡಿಯವನ ಹತ್ತಿರ ಅರಿಶಿಣ ಇತ್ತು. ಸೀಳಿಗೆ ಹಸಿ ಹಿಟ್ಟಿನ ಜೊತೆ ಕಲಸಿ ಮೆತ್ತಲು ಕೊಟ್ಟ. ನೀರು ಕೇಳಿದ್ದಕ್ಕೆ ಮಾತ್ರ ಕೈ ಮುಗಿದ.

"ಚಹಾಕ್ಕೇ ಅಳದು ಹಾಕ್ಲಾಕತ್ತೀನಿ ಬಾಯಿಯೋರ. ಟ್ಯಾಂಕರ್ ನಾಡದು ಬಂದ್ರ ಬಂತು."

ಚಂದ್ರಾಬಾಯಿ ಕೇಳಿಸಿಕೊಂಡಳು. ಮಗನನ್ನು ಕೂಗಿ ಲಾರಿಯ ಮೇಲಿದ್ದ ಹಿತ್ತಾಳೆಯ ಕೊಡ ಇಳಿಸಲು ಹೇಳಿದಳು. ದಾರಿಯುದ್ದಕ್ಕೂ ಅವರು ಕುಡಿಯಬೇಕಾಗಿದ್ದ ನೀರು, ಬಾಯಿಗೆ ಬಟ್ಟೆ ಕಟ್ಟಿತ್ತು. ಮಗ ಒಂದು ಗಳಿಗೆ ತಡೆದ. "ಇಳಸ್ಲಾ" ಎಂದಳು. ಸೊಸೆಯ ಚೊಂಬು ತುಂಬಿಸಿ ಮೇಲಕ್ಕೆ ಕೊಟ್ಟಳು. ಉಳಿದದ್ದನ್ನು ತಾನೇ ಎತ್ತಿ ತಂದು ಇಂಜಿನ್ ಆರುವ ತನಕ ಪಕ್ಕದಲ್ಲಿ ಹಿಡಿದು ನಿಂತಳು. ನಾನು ಬೇಡ ಎಂದೆ, ಅತ್ತೆ ಬೇಡ ಎಂದಳು, ಕೇಳಬೇಕಲ್ಲ. ಬಟ್ಟೆ ಬಿಚ್ಚಿ, ಒಂದು ಹನಿಯೂ ಹೊರಗೆ ಚೆಲ್ಲದ ಹಾಗೆ, ಕೂಸಿಗೆ ಕುಡಿಸುವವಳಂತೆ ಮೆಲ್ಲಗೆ ಸುರಿದಳು.

"ನಾವು ನೀರಿದ್ದ ಊರಿಗಿ ಹೊಂಟೀವಿ" ಎಂದಳು, ಖಾಲಿ ಕೊಡ ಬೋರಲು ಹಾಕುತ್ತ. "ನೀವು ಇಲ್ಲೇ ಇರೋರು."

ಡ್ರೈವರ್ ಹಾರ್ನ್ ಹೊಡೆದ, ಆಕೆ ಹತ್ತಿದಳು, ಲಾರಿ ಹೋಯಿತು. ಧೂಳು ಇಳಿದ ಮೇಲೂ ಅತ್ತೆ ಆ ಕಡೆಯೇ ನೋಡುತ್ತಿದ್ದಳು. ಪುಣೆಯಲ್ಲಿ ಹೆಣ್ಣು ಕೂಸೇ ಹುಟ್ಟಿತೆಂದು, ಅದನ್ನು ಮೊದಲು ಕೈಗೆತ್ತಿಕೊಂಡವಳು ಅಜ್ಜಿಯೇ ಎಂದು ಮುಂದೆ ಸುದ್ದಿ ಬಂತು. ಮುಂದಿನ ವರ್ಷ ಮಳೆ ಚೆನ್ನಾಗಿಯೇ ಆಯಿತು. ಆದರೆ ಹೋದವರಿಗೆ ಅಲ್ಲಿ ಕೆಲಸ ಕಾಯಂ ಆಯಿತು, ಕೂಸಿಗೆ ಅಲ್ಲಿನ ಗಾಳಿ ಒಗ್ಗಿತು. ಚಂದ್ರಾಬಾಯಿ ಮೆಹಕರಕ್ಕೆ ಮತ್ತೆ ಬರಲಿಲ್ಲ, ಅಲ್ಲೇ ಮಣ್ಣಾದಳು. ಇದ್ಯಾವುದೂ ನಮಗೆ ಅಂದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಅತ್ತೆಯ ಮುಖ ಎಲ್ಲ ಗೊತ್ತಿದ್ದವರ ಹಾಗೆ ಇತ್ತು.

ಮರಳುವಾಗ ಆಕೆ ಹಿಂದಿನ ಸೀಟಿಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ, ಕೈ ಮಡಿಲಲ್ಲಿಟ್ಟು ಕುಳಿತಳು. ಬಿಸಿಲು ಇಳಿಯುತ್ತಿತ್ತು, ಹೊಲಗಳು ಹೊಗೆಬಣ್ಣಕ್ಕೆ ತಿರುಗುತ್ತಿದ್ದವು. ಮನೆಗೆ ಬೇಗ ಮುಟ್ಟಿಸಿಬಿಡೋಣ ಎಂದು ಒಂದು ಇಳಿಜಾರಿನಲ್ಲಿ ನಾನು ವೇಗ ಏರಿಸಿದೆ. ಅತ್ತೆ ನನ್ನ ತೋಳು ಮುಟ್ಟಿದಳು.

"ಸಾವಕಾಶ ಓಡಸು, ಸುಶೀಲಾ" ಎಂದಳು. "ಒಳಗ ಚಂದ್ರಿ ನೀರು ಅದ."